ಪೌಚಿನೊಳಗೆ ನೀರು ಬಂದದ್ದೆಲ್ಲಿಂದ?

ನಮ್ಮಜ್ಜಿ ಜೀವನದಲ್ಲಿ ಥೀಮ್ ಪಾರ್ಕಿಗೆ ಹೋಗಿದ್ದು ಒಂದೇ ಸಲ. 2022ರ ಮೇ ತಿಂಗಳಲ್ಲಿ. ಕೋವಿಡ್ಡಿನ ಎರಡು ವರ್ಷ ಊರಲ್ಲೇ ಕೂತು ಸಾಕಾಗಿತ್ತೇನೋ, ಬೆಂಗಳೂರಿಗೆ ಬಂದವಳು ನಾವು ಮೊಮ್ಮಕ್ಕಳೆಲ್ಲ ಹೊರಟಾಗ "ನಾನೂ ಬರ್ತೀನಿ" ಅಂದುಬಿಟ್ಟಳು. ಅಲ್ಲಿ ನೀನೇನು ಮಾಡ್ತೀಯ ಅಂತ ಅಮ್ಮ ಕೇಳಿದ್ದಕ್ಕೆ "ನೀವೆಲ್ಲ ದುಡ್ಡು ಕೊಟ್ಟು ನೆನೆಯೋದನ್ನ ನೋಡ್ತೀನಿ" ಅಂದಳು. ಮಲೆನಾಡಿನವಳಿಗೆ ದುಡ್ಡು ಕೊಟ್ಟು ನೆನೆಯೋದು ಅಂದರೆ ತಮಾಷೆಯ ವಿಷಯವೇ ಬಿಡಿ :)

ಗೇಟಿನ ಹೊರಗೆ ಒಬ್ಬ ಹುಡುಗ ಪ್ಲಾಸ್ಟಿಕ್ ಪೌಚ್ ಮಾರುತ್ತಿದ್ದ. ಕುತ್ತಿಗೆಗೆ ನೇತುಹಾಕಿಕೊಳ್ಳುವಂಥದ್ದು, ಫೋನ್ ಒಳಗಿಟ್ಟು ಮೇಲೆ ಕ್ಲಿಪ್ ಒತ್ತಿದರೆ ಆಯ್ತು. 150 ರೂಪಾಯಿ ಕೊಟ್ಟು ಒಂದು ತಗೊಂಡೆ. ಅಜ್ಜಿ ನೋಡ್ತೀನಿ ಅಂದವಳು ನೋಡುತ್ತಾ ಕೂರಲಿಲ್ಲ. ದೋಣಿಯೊಂದು ಮೇಲೆ ಹತ್ತಿ ಇಳಿಜಾರಿನಲ್ಲಿ ಜಾರಿ ಕೆಳಗಿನ ಕೊಳಕ್ಕೆ ದಬಕ್ಕಂತ ಬೀಳುತ್ತದಲ್ಲ, ಅದಕ್ಕೆ ಹತ್ತಿ ಕೂತೇಬಿಟ್ಟಳು. ಸೆರಗು ಬಿಗಿದು, ಕನ್ನಡಕ ಅಮ್ಮನ ಕೈಗೆ ಕೊಟ್ಟು. ನಾನು ಇಡೀ ದಿನ ಪೌಚಿನೊಳಗಿಂದಲೇ ಫೋಟೋ ತೆಗೆದೆ. ಮಧ್ಯಾಹ್ನದ ಹೊತ್ತಿಗೆ ಪೌಚಿನ ಒಳಮೈಗೆ ಬೆಳ್ಳಗೆ ಆವಿ ಕಟ್ಟಿತ್ತು. ಸಂಜೆ ಕಾರಿನಲ್ಲಿ ವಾಪಸ್ ಬರುವಾಗ ಫೋನ್ ಹೊರಗೆ ತೆಗೆದು ಚಾರ್ಜಿಗೆ ಹಾಕಿದೆ. ಕೆಂಗೇರಿ ದಾಟುವಷ್ಟರಲ್ಲಿ ಸ್ಕ್ರೀನ್ ಎರಡು ಸಲ ಮಿಣುಕಿತು, ಆರಿತು. ಆಮೇಲೆ ಅದು ಹೊತ್ತಿಕೊಳ್ಳಲೇ ಇಲ್ಲ.

ಮರುವರ್ಷ ಅಜ್ಜಿ ಹೋದಳು. ಆ ದಿನ ತೆಗೆದ ನಲವತ್ತಕ್ಕೂ ಹೆಚ್ಚು ಫೋಟೋಗಳೂ ಆ ಫೋನಿನೊಂದಿಗೇ ಹೋದವು. (ಬ್ಯಾಕಪ್ ಇರಲಿಲ್ಲವಾ ಅಂತ ಕೇಳಬೇಡಿ. ಆಫೀಸಿನಲ್ಲಿ ಡೇಟಾಬೇಸುಗಳ ಬ್ಯಾಕಪ್ ನೋಡಿಕೊಳ್ಳುವುದೇ ನನ್ನ ಕೆಲಸ. ವೈಫೈ ಸಿಕ್ಕಾಗ ಮಾತ್ರ ಅಪ್‌ಲೋಡ್ ಆಗಲಿ ಅಂತ ಸೆಟ್ಟಿಂಗ್ ಇಟ್ಟಿದ್ದೆ.)

ಪೌಚ್ ಮಾತ್ರ ಇನ್ನೂ ನನ್ನ ಹತ್ತಿರ ಇದೆ. ಅದಕ್ಕೆ ಟಿಶ್ಯೂ ಪೇಪರ್ ತುಂಬಿ ಬಕೆಟ್ಟಿನಲ್ಲಿ ಒಂದು ಗಂಟೆ ಮುಳುಗಿಸಿ ನೋಡಿದ್ದೇನೆ. ಟಿಶ್ಯೂ ಒಣಗಿಯೇ ಇತ್ತು. ತೂತಿಲ್ಲ, ಕ್ಲಿಪ್ ಸರಿ ಇದೆ. ಹಾಗಾದರೆ ನೀರು ಬಂದದ್ದೆಲ್ಲಿಂದ? ಆಫೀಸಿನಲ್ಲಿ ಸರ್ವರ್ ಬಿದ್ದರೆ ರೂಟ್ ಕಾಸ್ ಹುಡುಕಿ ಬರೆಯಬೇಕು. ಅದೇ ಅಭ್ಯಾಸದಲ್ಲಿ ಇದನ್ನೂ ಹುಡುಕುತ್ತಾ ಹೋದೆ. ಹುಡುಕುತ್ತಾ ಹುಡುಕುತ್ತಾ 1856ನೇ ಇಸವಿಗೆ ಹೋಗಿ ಮುಟ್ಟಿದೆ!

ಮೊದಲು ಆ ದೋಣಿಯ ಕಥೆ ಹೇಳಿಬಿಡುತ್ತೇನೆ. ಇಳಿಜಾರಿನಿಂದ ಕೊಳಕ್ಕೆ ಬೀಳುವ ಈ ಆಟಕ್ಕೆ ಹಳೆಯ ಹೆಸರು ಶೂಟ್ ದ ಚೂಟ್ಸ್. 1880ರ ದಶಕದಲ್ಲೇ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಇದರ ಮೊದಲ ರೂಪ ಇತ್ತು. ಇದನ್ನು ದೊಡ್ಡ ಮಟ್ಟಕ್ಕೆ ತಂದವನು ಪಾಲ್ ಬಾಯ್ಟನ್ ಅನ್ನುವ ಸಾಹಸಿ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಸೀ ಲಯನ್ ಪಾರ್ಕ್ ತೆರೆದ. ಸುತ್ತ ಬೇಲಿ ಹಾಕಿ ಗೇಟಿನಲ್ಲಿ ದುಡ್ಡು ತಗೊಂಡು ಒಳಗೆ ಬಿಟ್ಟ ಮೊದಮೊದಲ ಪಾರ್ಕುಗಳಲ್ಲಿ ಅದೂ ಒಂದು. ಈ ಬಾಯ್ಟನ್ ಪ್ರಸಿದ್ಧನಾಗಿದ್ದು ಬೇರೆಯದೇ ಕಾರಣಕ್ಕೆ. ಗಾಳಿ ತುಂಬಿದ ರಬ್ಬರ್ ಸೂಟ್ ಹಾಕಿಕೊಂಡು, ನೀರಿನ ಮೇಲೆ ಅಂಗಾತ ಮಲಗಿ ಹುಟ್ಟು ಹಾಕುತ್ತಾ, 1875ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ್ದ. ಸುಮಾರು 24 ಗಂಟೆ ಬೇಕಾಯಿತಂತೆ. ರಬ್ಬರಿನೊಳಗೆ ಕೂತು ತಾನು ನೆನೆಯದೇ ಸಮುದ್ರ ದಾಟಿದವನು ಇಪ್ಪತ್ತು ವರ್ಷದ ನಂತರ ಜನರನ್ನೆಲ್ಲ ನೆನೆಸುವ ಪಾರ್ಕು ಮಾಡಿದ ನೋಡಿ.

ಅದೇ 1895ರಲ್ಲಿ ಕೊಡಕ್ ಕಂಪನಿ 5 ಡಾಲರಿನ ಪಾಕೆಟ್ ಕೊಡಕ್ ತಂದಿತು. 1900ರಲ್ಲಿ 1 ಡಾಲರಿಗೆ ಬ್ರೌನಿ ಬಂತು. ಅಲ್ಲಿಯವರೆಗೆ ಕ್ಯಾಮರಾ ಅಂದರೆ ಹೆಚ್ಚಾಗಿ ಸ್ಟುಡಿಯೋದವರ, ದುಡ್ಡಿದ್ದವರ ಸ್ವತ್ತು. ಈಗ ಅದು ರಜೆಗೆ ಹೊರಟವರ ಕೈಚೀಲದಲ್ಲಿ ಬಂತು. ನೆನೆಯುವ ಆಟವೂ ನೆನೆಯಬಾರದ ಯಂತ್ರವೂ ಒಂದೇ ಕಾಲಕ್ಕೆ ಒಂದೇ ಗೇಟಿನೊಳಗೆ ಬಂದವು. ಆ ಬ್ರೌನಿ ಹೆಚ್ಚುಕಮ್ಮಿ ರಟ್ಟಿನ ಡಬ್ಬಿ. ಒಂದು ಸಲ ಚೆನ್ನಾಗಿ ನೆನೆದರೆ ಕಥೆ ಮುಗಿಯಿತು. ದಡದಲ್ಲಿ ನಿಂತು ಫೋಟೋ ತೆಗೆಯುವವರು ಬೇರೆ, ದೋಣಿಯಲ್ಲಿ ಕೂರುವವರು ಬೇರೆ. ಬಹಳ ಕಾಲ ಹಾಗೇ ನಡೆಯಿತು.

ಆದರೆ ಕ್ಯಾಮರಾವನ್ನು ನೀರಿನೊಳಗೇ ಇಳಿಸುವ ಹುಚ್ಚು ಇದಕ್ಕಿಂತ ಹಳೆಯದು. ನಾನು ಹೇಳಿದ 1856 ಅದೇ.

ಇಂಗ್ಲೆಂಡಿನ ವೇಮತ್ ಊರಿನ ಹತ್ತಿರ ವಿಲಿಯಂ ಥಾಂಪ್ಸನ್ ಅಂತೊಬ್ಬ ಇದ್ದ. ವೃತ್ತಿಯಿಂದ ವಕೀಲ, ಆಸಕ್ತಿಯಿಂದ ಪ್ರಕೃತಿ ವೀಕ್ಷಕ. ನೀರಿನಡಿ ಫೋಟೋ ತೆಗೆಯಲು ಆದರೆ ಸೇತುವೆಯ ಕಂಬಗಳ ಬುಡ ಹೇಗಿದೆ ಅಂತ ಕಡಿಮೆ ಖರ್ಚಿನಲ್ಲಿ ನೋಡಬಹುದಲ್ಲ ಅನ್ನುವುದು ಅವನ ತಲೆಯಲ್ಲಿದ್ದ ಯೋಚನೆ. ಒಂದು ಪೆಟ್ಟಿಗೆ ಮಾಡಿಸಿ, ಮುಂದೆ ಗಾಜು ಹಾಕಿಸಿ, ಒಳಗೆ ಕ್ಯಾಮರಾ ಇಟ್ಟು, ದೋಣಿಯಿಂದ ಸಮುದ್ರಕ್ಕೆ ಸುಮಾರು 18 ಅಡಿ ಆಳ ಇಳಿಸಿದ. ದಾರ ಎಳೆದು ಮುಚ್ಚಳ ತೆರೆದು ಹತ್ತು ನಿಮಿಷ ಬಿಟ್ಟ. ಮೇಲೆತ್ತಿ ನೋಡಿದರೆ ಪೆಟ್ಟಿಗೆಯೊಳಗೆ ನೀರು!

18 ಅಡಿ ಅಂದರೆ ಐದೂವರೆ ಮೀಟರ್. ಅಲ್ಲಿ ಒಂದಡಿ ಉದ್ದ ಒಂದಡಿ ಅಗಲದ ಹಲಗೆಯ ಮೇಲೆ ನೀರು ಸುಮಾರು 500 ಕೆಜಿ ಭಾರದಷ್ಟು ಒತ್ತುತ್ತದೆ. ಒಳಗಿರುವ ಗಾಳಿ ಮಾತ್ರ ದಡದ ಮೇಲಿನ ಒತ್ತಡದಲ್ಲೇ ಇರುತ್ತದೆ. ಹೊರಗಿನ ನೀರಿಗೆ ಒಂದು ಕೂದಲೆಳೆ ಸಂದು ಸಿಕ್ಕರೆ ಸಾಕು. ಆದರೂ ಥಾಂಪ್ಸನ್‌ಗೆ ಮಸುಕು ಮಸುಕಾಗಿ ಬಂಡೆ, ಕಡಲಪಾಚಿಯ ಚಿತ್ರ ಸಿಕ್ಕಿತು. ಪ್ರಪಂಚದ ಮೊದಲ ನೀರಿನಡಿಯ ಫೋಟೋ ಅಂತ ಅದನ್ನೇ ಹೇಳುತ್ತಾರೆ. ಆಗಿನದು ಒದ್ದೆ ಕೊಲೋಡಿಯನ್ ಹಚ್ಚಿದ ಗಾಜಿನ ಹಲಗೆ. ಉಪ್ಪುನೀರು ಮುಟ್ಟಿದ ಮೇಲೂ ಚಿತ್ರ ಉಳಿಯಿತು. ಇವತ್ತಿನ ಫೋನಿಗೆ ಆ ತಾಳ್ಮೆ ಇಲ್ಲ. ಅಲ್ಲಿಗೆ ಮೊದಲ ವಾಟರ್‌ಪ್ರೂಫ್ ಡಬ್ಬಿ ಮೊದಲ ದಿನವೇ ಸೋರಿತ್ತು ಅನ್ನುವುದು ನನಗೆ ಸ್ವಲ್ಪ ಸಮಾಧಾನ ಕೊಟ್ಟ ವಿಷಯ.

ಈ ಒತ್ತಡದ ಸಮಸ್ಯೆಗೆ ಚಂದದ ಉತ್ತರ ಹುಡುಕಿದವನು ಫ್ರಾನ್ಸಿನ ಲೂಯಿ ಬೂತಾಂ. ಪ್ರಾಣಿಶಾಸ್ತ್ರದವನು. ಮೆಡಿಟರೇನಿಯನ್ ತೀರದ ಬಾನ್ಯೂಲ್ಸ್ ಅನ್ನುವ ಊರಿನ ಸಮುದ್ರ ಪ್ರಯೋಗಾಲಯದಲ್ಲಿದ್ದ. 1893ರಲ್ಲಿ ಎಂಜಿನಿಯರ್ ಸೋದರ ಒಗುಸ್ತನ ಸಹಾಯದಿಂದ ಒಂದು ಡಬ್ಬಿ ಮಾಡಿಸಿ, ಡೈವಿಂಗ್ ಸೂಟ್ ಹಾಕಿಕೊಂಡು ತಾನೇ ಕೆಳಗಿಳಿದ. ಅದರಲ್ಲಿದ್ದ ಉಪಾಯ ಏನು ಗೊತ್ತಾ? ಡಬ್ಬಿಗೆ ಗಾಳಿ ತುಂಬಿದ ಒಂದು ರಬ್ಬರ್ ಬಲೂನ್ ಜೋಡಿಸಿದ್ದರು. ಆಳಕ್ಕೆ ಹೋದಷ್ಟೂ ನೀರು ಬಲೂನನ್ನು ಅಮುಕುತ್ತದೆ, ಬಲೂನಿನ ಗಾಳಿ ಡಬ್ಬಿಯೊಳಗೆ ನುಗ್ಗುತ್ತದೆ, ಒಳಗಿನ ಒತ್ತಡ ಹೊರಗಿನದಕ್ಕೆ ಸರಿಸಮ ಆಗುತ್ತದೆ. ಎರಡೂ ಕಡೆ ಒಂದೇ ಒತ್ತಡ ಇದ್ದರೆ ನೀರು ಸಂದಿನಲ್ಲಿ ನುಗ್ಗಲು ಕಾರಣವೇ ಇಲ್ಲ. ಓದಿದಾಗ ಎದ್ದು ನಿಂತು ಚಪ್ಪಾಳೆ ಹೊಡೆಯೋಣ ಅನ್ನಿಸಿತು. ಒಂದು ಫೋಟೋಗೆ ಅರ್ಧ ಗಂಟೆಯವರೆಗೂ ಅಲ್ಲಾಡದೆ ಕಾಯಬೇಕಾಗುತ್ತಿತ್ತು. 1899ರಲ್ಲಿ ಅವನ ಸ್ನೇಹಿತ, ರುಮೇನಿಯಾದ ಎಮಿಲ್ ರಕೊವಿಟ್ಸಾ ನೀರಿನಡಿ ಫಲಕ ಹಿಡಿದು ನಿಂತ ಚಿತ್ರ ಈಗಲೂ ಸಿಗುತ್ತದೆ, ನೋಡಿ.

ಮುಂದಿನ ಹೆಜ್ಜೆ ಒಂದು ರಬ್ಬರ್ ಬಳೆ. ಓ-ರಿಂಗ್. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋದ ನೀಲ್ಸ್ ಕ್ರಿಸ್ಟೆನ್ಸನ್ ಎಂಬಾತ 1937ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1939ರಲ್ಲಿ ಸಿಕ್ಕಿತು. ಆಗ ಅವನಿಗೆ ಎಪ್ಪತ್ತು ದಾಟಿತ್ತು. ದುಂಡನೆಯ ರಬ್ಬರ್ ಬಳೆಯನ್ನು ಒಂದು ಕಾಲುವೆಯಂಥ ಕೊರಕಲಿನಲ್ಲಿ ಕೂರಿಸುವುದು, ಅಷ್ಟೇ. ಹೊರಗಿನ ಒತ್ತಡ ಹೆಚ್ಚಾದಷ್ಟೂ ಬಳೆ ಸಂದಿಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ. ನಮ್ಮ ಮನೆಯ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಇದರ ದೂರದ ನೆಂಟ.

ಈ ಬಳೆಯನ್ನೇ ನಂಬಿ ಬೆಲ್ಜಿಯಂನ ಎಂಜಿನಿಯರ್ ಜಾನ್ ದ ವೌಟರ್ಸ್, ಸಮುದ್ರಯಾನಿ ಜಾಕ್ ಕೂಸ್ತೊಗಾಗಿ ಡಬ್ಬಿಯೇ ಬೇಡದ ಕ್ಯಾಮರಾ ಮಾಡಿದ. 1960ರ ಸುಮಾರಿಗೆ ಕೂಸ್ತೊನ ಹಡಗಿನ ಹೆಸರಲ್ಲೇ ಕಲಿಪ್ಸೊ ಅಂತ ಮಾರಾಟಕ್ಕೆ ಬಂತು. 1963ರಿಂದ ಜಪಾನಿನ ನಿಕಾನ್ ಅದನ್ನು ನಿಕೊನೊಸ್ ಎಂದು ಮಾರಿತು. 2001ರವರೆಗೂ ಆ ಸರಣಿ ಇತ್ತು. ಅದನ್ನು ಬಳಸಿದವರಿಗೆಲ್ಲ ಒಂದು ಸಂಧ್ಯಾವಂದನೆ ಕಡ್ಡಾಯ: ಓ-ರಿಂಗ್ ಬಿಚ್ಚು, ಒರೆಸು, ಬೆರಳಿನಲ್ಲಿ ಸವರಿ ನೋಡು, ಗ್ರೀಸ್ ಹಚ್ಚು, ಮತ್ತೆ ಕೂರಿಸು. ಒಂದು ಮರಳಿನ ಕಾಳು, ಒಂದು ತಲೆಗೂದಲು ಬಳೆಯ ಮೇಲೆ ಉಳಿದರೂ ಸಾಕು, ಕ್ಯಾಮರಾ ಮುಳುಗಿದಂತೆಯೇ. ರಬ್ಬರಿಗೆ ವಯಸ್ಸಾಗುತ್ತದೆ, ಚಳಿಯಾಗುತ್ತದೆ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಸಿಡಿದು ಏಳು ಜನ ಸತ್ತರಲ್ಲ, ಅಲ್ಲಿ ಕೈಕೊಟ್ಟದ್ದು ಚಳಿಗೆ ಪೆಡಸಾಗಿದ್ದ ಓ-ರಿಂಗ್. ಫೈನ್‌ಮನ್ ವಿಚಾರಣೆಯಲ್ಲಿ ಐಸ್ ನೀರಿಗೆ ರಬ್ಬರ್ ತುಂಡು ಅದ್ದಿ ತೋರಿಸಿದ್ದನ್ನು ಎಂಜಿನಿಯರಿಂಗ್ ಓದಿದವರೆಲ್ಲ ಕೇಳಿಯೇ ಇರುತ್ತಾರೆ.

ಅತ್ತ ಪಾರ್ಕುಗಳೂ ಸುಮ್ಮನೆ ಕೂತಿರಲಿಲ್ಲ. 1963ರಲ್ಲಿ ಟೆಕ್ಸಸ್ಸಿನ ಸಿಕ್ಸ್ ಫ್ಲ್ಯಾಗ್ಸ್‌ನಲ್ಲಿ ಮರದ ದಿಮ್ಮಿಯ ಆಕಾರದ ದೋಣಿ ಕಾಲುವೆಯಲ್ಲಿ ಹರಿಯುವ ಆಟ ಬಂತು. 1977ರಲ್ಲಿ ಜಾರ್ಜ್ ಮಿಲ್ಲೇ ಫ್ಲಾರಿಡಾದ ಒರ್ಲಾಂಡೋದಲ್ಲಿ ವೆಟ್ ಎನ್ ವೈಲ್ಡ್ ತೆರೆದ, ಅದು ಪೂರಾ ನೀರಿನ ಪಾರ್ಕು (2016ರಲ್ಲಿ ಮುಚ್ಚಿತು). 1980ರಲ್ಲಿ ಹ್ಯೂಸ್ಟನ್ನಿನ ಆಸ್ಟ್ರೋವರ್ಲ್ಡ್‌ನಲ್ಲಿ ದುಂಡನೆಯ ತೆಪ್ಪ ಸುತ್ತುತ್ತಾ ಹೋಗುವ ಥಂಡರ್ ರಿವರ್ ಬಂತು. ಅದರಲ್ಲಿ ಯಾರು ನೆನೆಯುತ್ತಾರೆ, ಯಾವ ಕಡೆಯಿಂದ ನೆನೆಯುತ್ತಾರೆ ಅಂತ ಹೇಳಲಿಕ್ಕೇ ಆಗುವುದಿಲ್ಲ. ನಮ್ಮ ಕಡೆ ಇವೆಲ್ಲ ದೊಡ್ಡದಾಗಿ ಬಂದದ್ದು ತಡವಾಗಿ. 2000ದಲ್ಲಿ ಕೊಚ್ಚಿಯ ವೀಗಾಲ್ಯಾಂಡ್, 2005ರಲ್ಲಿ ಬಿಡದಿಯ ವಂಡರ್‌ಲಾ. (ಅಜ್ಜಿಯೊಂದಿಗೆ ನಾವು ಹೋದದ್ದು ಇವೆರಡೂ ಅಲ್ಲ, ಇನ್ನೊಂದಕ್ಕೆ.)

ಡೈವಿಂಗ್ ಮಾಡುವವರ ಕ್ಯಾಮರಾ ಪಾರ್ಕಿಗೆ ಹೋಗುವ ಸಂಸಾರಸ್ಥರಿಗೆ ಎಟಕುವಂಥದ್ದಲ್ಲ. ಅವರಿಗಾಗಿ 1980ರಲ್ಲಿ ಮಿನೋಲ್ಟಾದವರು ವೆದರ್‌ಮ್ಯಾಟಿಕ್ ಅಂತ ಹಳದಿ ಬಣ್ಣದ, ನೀರಿನಲ್ಲಿ ತೇಲುವ ಪುಟ್ಟ ಕ್ಯಾಮರಾ ತಂದರು. 1986ರಲ್ಲಿ ಫ್ಯೂಜಿ ಜಪಾನಿನಲ್ಲಿ ಒಮ್ಮೆ ಬಳಸಿ ಕೊಟ್ಟುಬಿಡುವ ಕ್ಯಾಮರಾ ಶುರುಮಾಡಿತು. 1989ರಲ್ಲಿ ಕೊಡಕ್ ಅಂಥದ್ದನ್ನೇ ಪಾರದರ್ಶಕ ಪ್ಲಾಸ್ಟಿಕ್ ಕವಚದೊಳಗಿಟ್ಟು ವೀಕೆಂಡ್ 35 ಅಂತ ಮಾರಿತು. ನನಗೆ ಇವೆಲ್ಲದರಲ್ಲಿ ತುಂಬಾ ಇಷ್ಟವಾಗಿದ್ದು ಈ ಒಮ್ಮೆ ಬಳಸುವ ಕ್ಯಾಮರಾ. ರಬ್ಬರಿಗೆ ವಯಸ್ಸಾಗುವ ಪ್ರಶ್ನೆಯೇ ಇಲ್ಲ. ಕಾರ್ಖಾನೆಯಲ್ಲಿ ಮುಚ್ಚಿದ್ದನ್ನು ಲ್ಯಾಬಿನವನೇ ತೆರೆಯುವುದು, ನಡುವೆ ನಮ್ಮ ಒದ್ದೆ ಕೈ ಒಳಗೆ ಹೋಗಲು ಅವಕಾಶವೇ ಇಲ್ಲ. ಈ ಒದ್ದೆ ಕೈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನನ್ನ ಕುತ್ತಿಗೆಯಲ್ಲಿ ನೇತಾಡಿದ ಪೌಚಿನ ಮುತ್ತಜ್ಜ ಹುಟ್ಟಿದ್ದು ಬ್ರಿಟನ್ನಿನಲ್ಲಿ, 1983ರಲ್ಲಿ. ಹಾಯಿಹಲಗೆ ಮೇಲೆ ಸಮುದ್ರದಲ್ಲಿ ಆಡುವ ಗೆಳೆಯರು ವಾಕ್‌ಮನ್ ಕೇಳುತ್ತಾ ಹೋಗಲು ಪ್ಲಾಸ್ಟಿಕ್ ಚೀಲ ಮಾಡಿಕೊಂಡರು, ಅದೇ ಅಕ್ವಾಪ್ಯಾಕ್ ಕಂಪನಿಯಾಯಿತು. ಅದಕ್ಕೂ ಮುಂಚೆ 1968ರಿಂದ ಡೌ ಕಂಪನಿಯ ಜಿಪ್‌ಲಾಕ್ ಚೀಲ ಇತ್ತು. ಬಡವರ ವಾಟರ್‌ಪ್ರೂಫ್ ಅದೇ. ಈಗಲೂ ಚಾರಣಕ್ಕೆ ಹೋಗುವವರ ಬ್ಯಾಗಿನಲ್ಲಿ ಒಂದೆರಡು ಇದ್ದೇ ಇರುತ್ತವೆ.

ಪಾರ್ಕಿನವರು ಇನ್ನೊಂದು ದಾರಿ ಕಂಡುಕೊಂಡರು. ಜನ ಕ್ಯಾಮರಾ ತರುವುದೇ ಬೇಡ, ನಾವೇ ತೆಗೆಯುತ್ತೇವೆ ಅಂತ! ಇಳಿಜಾರಿನ ತುದಿಯಲ್ಲಿ ನೀರು ಮುಟ್ಟದ ಜಾಗದಲ್ಲಿ ಕ್ಯಾಮರಾ ಕಟ್ಟಿ, ದೋಣಿ ಬೀಳುವ ಕ್ಷಣಕ್ಕೆ ಕ್ಲಿಕ್ಕಿಸಿ, ಹೊರಬರುವಾಗ ಮಾರುವುದು. 1989ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ಶುರುವಾದ ಸ್ಪ್ಲಾಷ್ ಮೌಂಟನ್ನಿನ ಇಂಥ ಫೋಟೋಗಳು ಬಹಳ ಹೆಸರು ಮಾಡಿದವು. ಆ ಆಟವನ್ನು 2023ರಲ್ಲಿ ಮುಚ್ಚಿ 2024ರಲ್ಲಿ ಬೇರೆ ಕಥೆ, ಬೇರೆ ಹೆಸರು ಕೊಟ್ಟು ತೆರೆದರು. ಕ್ಯಾಮರಾವನ್ನು ನೀರಿನಿಂದ ಕಾಪಾಡಲು ಎಲ್ಲಕ್ಕಿಂತ ಒಳ್ಳೆಯ ಉಪಾಯ ಅದನ್ನು ಕಂಬಕ್ಕೆ ಕಟ್ಟುವುದು ಅಂತ ಅವರಿಗೆ ಗೊತ್ತಿತ್ತು.

ಇನ್ನು ಫೋನಿಗೆ ಬರೋಣ. ಜಪಾನಿನಲ್ಲಿ 2005ರಲ್ಲೇ ನೀರಿಗೆ ಹೆದರದ ಕ್ಯಾಸಿಯೋ ಮೊಬೈಲು ಬಂದಿತ್ತು. ಉಳಿದ ಪ್ರಪಂಚಕ್ಕೆ 2013ರ ಸೋನಿ ಎಕ್ಸ್‌ಪೀರಿಯಾ ಜೆಡ್, 2014ರ ಸ್ಯಾಮ್‌ಸಂಗ್ ಎಸ್5, 2016ರ ಐಫೋನ್ 7 ಇವುಗಳ ಕಾಲಕ್ಕೆ ಐಪಿ67, ಐಪಿ68 ಅನ್ನುವ ಅಕ್ಷರಗಳು ಬಾಯಿಪಾಠ ಆದವು. ಈ ಸಂಖ್ಯೆ ಬಂದದ್ದು ಐಇಸಿ 60529 ಅನ್ನುವ ಮಾನದಂಡದಿಂದ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 7 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ. 8 ಅಂದರೆ ಅದಕ್ಕಿಂತ ಕಠಿಣ, ಎಷ್ಟು ಆಳ ಎಷ್ಟು ಹೊತ್ತು ಅಂತ ತಯಾರಕರೇ ಹೇಳಬೇಕು. ಪರೀಕ್ಷೆ ಪ್ರಯೋಗಾಲಯದ ನಿಂತ ನೀರಿನಲ್ಲಿ. ಶುದ್ಧ ಸಿಹಿನೀರು. ಹೊಸ ಫೋನು.

ಪಾರ್ಕಿನ ನೀರು ನಿಂತ ನೀರಲ್ಲ. ಇಲ್ಲೊಂದು ಸಣ್ಣ ಲೆಕ್ಕ, ಪಿಯುಸಿ ಫಿಸಿಕ್ಸ್ ಸಾಕು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಅಂದರೆ ಸೆಕೆಂಡಿಗೆ 10 ಮೀಟರಿನಂತೆ ಸ್ಲೈಡಿನಿಂದ ಬಂದು ನೀರಿಗೆ ಬಡಿದರೆ, ಎದುರಿಗಿರುವ ಮೇಲ್ಮೈ ಮೇಲೆ ಆ ಕ್ಷಣಕ್ಕೆ ಬೀಳುವ ಒತ್ತಡ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. 50,000 ಪ್ಯಾಸ್ಕಲ್. ನಿಂತ ನೀರಿನಲ್ಲಿ ಐದು ಮೀಟರ್ ಆಳಕ್ಕೆ ಹೋದದ್ದಕ್ಕೆ ಸಮ! ಹೆಚ್ಚುಕಮ್ಮಿ ಥಾಂಪ್ಸನ್ನನ ಪೆಟ್ಟಿಗೆ ಸೋರಿದ ಆಳ. ಒಂದು ಮೀಟರಿನ ಸರ್ಟಿಫಿಕೇಟ್ ಇಟ್ಟುಕೊಂಡು ನಾವು ಐದು ಮೀಟರಿಗೆ ಹಾರುತ್ತಿದ್ದೇವೆ. ಅದಕ್ಕೇ ಈ ಮಾನದಂಡದಲ್ಲಿ ರಭಸದ ನೀರಿಗೆ 5 ಮತ್ತು 6 ಅನ್ನುವ ಬೇರೆ ಪರೀಕ್ಷೆಗಳಿವೆ. 7 ಪಾಸಾದರೆ 5, 6 ತಾನಾಗೇ ಪಾಸು ಅಂತ ಅರ್ಥ ಅಲ್ಲ. ಇದನ್ನು ನಾನು ಫೋನ್ ಸತ್ತ ಮೇಲೆ ಓದಿದ್ದು.

ಇದನ್ನು ಕೋರ್ಟುಗಳೂ ಗಮನಿಸಿದವು. 2020ರ ನವೆಂಬರಿನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆ್ಯಪಲ್‌ಗೆ 1 ಕೋಟಿ ಯೂರೋ ದಂಡ ಹಾಕಿತು. ಆ ನೀರಿನ ಆಳದ ಮಾತು ಪ್ರಯೋಗಾಲಯಕ್ಕೆ ಮಾತ್ರ ಅನ್ವಯ ಅಂತ ಜಾಹೀರಾತಿನಲ್ಲಿ ಸ್ಪಷ್ಟವಾಗಿ ಹೇಳಿರಲಿಲ್ಲ, ಮೇಲಿಂದ ನೀರಿಗೆ ವಾರಂಟಿಯೂ ಇರಲಿಲ್ಲ ಅಂತ. 2022ರ ಜೂನಿನಲ್ಲಿ ಆಸ್ಟ್ರೇಲಿಯಾದ ಕೋರ್ಟು ಸ್ಯಾಮ್‌ಸಂಗ್‌ನ ಅಲ್ಲಿನ ಕಂಪನಿಗೆ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಫೋನನ್ನು ಈಜುಕೊಳದಲ್ಲಿ, ಸಮುದ್ರದಲ್ಲಿ ಬಳಸುವ ಜಾಹೀರಾತು ಕೊಟ್ಟಿದ್ದರು. ಆದರೆ ಅಂಥ ನೀರಿನಲ್ಲಿ ಮುಳುಗಿಸಿ, ಒಣಗುವ ಮುಂಚೆ ಚಾರ್ಜ್ ಮಾಡಿದರೆ ಚಾರ್ಜಿಂಗ್ ಪೋರ್ಟ್ ತುಕ್ಕು ಹಿಡಿಯುವ ಸಾಧ್ಯತೆ ಚೆನ್ನಾಗಿಯೇ ಇತ್ತು ಅಂತ ಕಂಪನಿಯೇ ಒಪ್ಪಿಕೊಂಡಿತು.

ಒಣಗುವ ಮುಂಚೆ ಚಾರ್ಜ್ ಮಾಡಿದರೆ! ನಾವು ಪಾರ್ಕಿಗೆ ಹೋಗಿ ಬಂದು ಒಂದು ತಿಂಗಳಾಗಿತ್ತು ಆ ಸುದ್ದಿ ಓದುವಾಗ. ನನ್ನದು ಆ ಕಂಪನಿಯ ಫೋನ್ ಅಲ್ಲ, ಆದರೆ ಆ ಸಾಲು ಓದಿದಾಗ ಕೆಂಗೇರಿಯ ಹತ್ತಿರ ಮಿಣುಕಿದ ಸ್ಕ್ರೀನ್ ಕಣ್ಣಮುಂದೆ ಬಂತು.

ಸರಿ, ಪೌಚಿನೊಳಗಿನ ಆವಿ? ಅದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಚಿಕ್ಕಪ್ಪನಿಂದ. ಚಿಕ್ಕಪ್ಪ ತೀರ್ಥಹಳ್ಳಿ ಕಡೆ ಬಹಳ ವರ್ಷ ಸ್ಟುಡಿಯೋ ಇಟ್ಟುಕೊಂಡಿದ್ದರು. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿ ಕ್ಯಾಮರಾದ ಶತ್ರು ನೀರಲ್ಲ, ಗಾಳಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಾಗಿಲು ಹಾಕಿದರೂ ಒಳಗೆ ಬರುವ ತೇವದ ಗಾಳಿ. ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಬೆಳೆಯುತ್ತದೆ. ಒಮ್ಮೆ ಬೆಳೆದರೆ ಗಾಜಿನ ಮೇಲಿನ ಲೇಪನವನ್ನೇ ತಿಂದುಹಾಕುತ್ತದೆ. ಎರಡನೇ ಮಹಾಯುದ್ಧದಲ್ಲಿ ನ್ಯೂಗಿನಿ, ಬರ್ಮಾದ ಕಾಡುಗಳಲ್ಲಿ ಸೈನ್ಯದವರ ದೂರದರ್ಶಕಗಳಿಗೂ ಇದೇ ಗತಿಯಾಗಿ, ವಿಜ್ಞಾನಿಗಳು ಇದಕ್ಕಾಗಿಯೇ ತಲೆ ಕೆಡಿಸಿಕೊಂಡಿದ್ದರು.

ಚಿಕ್ಕಪ್ಪನ ಉಪಾಯ ಮರದ ಕಪಾಟು, ಅದರೊಳಗೆ ಮಳೆಗಾಲ ಪೂರ್ತಿ ಉರಿಯುವ 15 ವ್ಯಾಟಿನ ಬಲ್ಬು. ಬಲ್ಬು ತೇವವನ್ನು ಓಡಿಸುವುದಿಲ್ಲ, ಗಾಳಿಯನ್ನು ನಾಲ್ಕೈದು ಡಿಗ್ರಿ ಬೆಚ್ಚಗೆ ಮಾಡುತ್ತದೆ. ಬೆಚ್ಚನೆ ಗಾಳಿಗೆ ಹೆಚ್ಚು ಆವಿ ಹಿಡಿಯುವ ಶಕ್ತಿ ಇರುವುದರಿಂದ ಅದೇ ಆವಿ ಗಾಜಿನ ಮೇಲೆ ಕೂರದೆ ಗಾಳಿಯಲ್ಲೇ ಉಳಿಯುತ್ತದೆ. ಜೊತೆಗೆ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್. ಅಮೆರಿಕದ ವಾಲ್ಟರ್ ಪ್ಯಾಟ್ರಿಕ್ ಎಂಬ ರಸಾಯನಶಾಸ್ತ್ರಜ್ಞನಿಗೆ 1919ರಲ್ಲಿ ಪೇಟೆಂಟ್ ಸಿಕ್ಕ ಪದಾರ್ಥ ಅದು. ಅದಕ್ಕೆ ಸೇರಿಸಿದ ಕೋಬಾಲ್ಟ್ ಉಪ್ಪು ಒಣಗಿದ್ದಾಗ ನೀಲಿ, ತೇವ ಕುಡಿದಾಗ ಗುಲಾಬಿ. ಗುಲಾಬಿ ಆದಾಗ ಚಿಕ್ಕಪ್ಪ ಒಲೆಯ ಪಕ್ಕ ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡುತ್ತಿದ್ದರು. ಆ ಬಾಣಲೆಯನ್ನು ಅಡುಗೆಗೆ ಮುಟ್ಟಿಸಬಾರದು ಅಂತ ಚಿಕ್ಕಮ್ಮನ ಕಟ್ಟಾಜ್ಞೆ. ಕೋಬಾಲ್ಟ್ ವಿಷ, ಚಿಕ್ಕಮ್ಮ ಹೇಳಿದ್ದೇ ಸರಿ.

ಫೋನನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದೆ ಅಂತ ಹೇಳಿದ್ದಕ್ಕೆ ಚಿಕ್ಕಪ್ಪ ನಕ್ಕರು. ಅಕ್ಕಿ ತೇವ ಎಳೆಯುತ್ತದೆ, ಆದರೆ ಸಿಲಿಕಾ ಜೆಲ್ ಮುಂದೆ ಅದೇನೂ ಅಲ್ಲ. 2024ರ ಜನವರಿಯಲ್ಲಿ ಆ್ಯಪಲ್ ಕೂಡ ಅಕ್ಕಿಯಲ್ಲಿ ಇಡಬೇಡಿ, ಅದರ ಪುಡಿ ಒಳಗೆ ಸೇರಿ ಹಾಳುಮಾಡಬಹುದು ಅಂತ ಹೇಳಿತು.

"ಪೌಚ್ ಮುಚ್ಚುವಾಗ ಎಲ್ಲಿ ನಿಂತಿದ್ದೆ?" ಅಂತ ಕೇಳಿದರು ಚಿಕ್ಕಪ್ಪ. ಅಷ್ಟೇ ಕೇಳಿದ್ದು.

ಮನೆಗೆ ಬಂದು ಲೆಕ್ಕ ಹಾಕಿದೆ. 32 ಡಿಗ್ರಿ ಸೆಕೆ, 70 ಶೇಕಡಾ ತೇವಾಂಶ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿರುತ್ತದೆ. ಅಂಥ ಗಾಳಿ 26 ಡಿಗ್ರಿಗಿಂತ ತಣ್ಣಗಿನ ಪ್ಲಾಸ್ಟಿಕ್ಕನ್ನು ಮುಟ್ಟಿದರೆ ಇಬ್ಬನಿ ಕಟ್ಟುತ್ತದೆ. ಕೊಳದ ನೀರಿಗೆ ಪೌಚ್ ತಾಗಿದ ಕೂಡಲೇ ಆದದ್ದು ಇದೇ. ಆದರೆ ಪೌಚಿನೊಳಗೆ ಹಿಡಿಯುವುದು ಹೆಚ್ಚೆಂದರೆ ಕಾಲು ಲೀಟರ್ ಗಾಳಿ. ಅದರಲ್ಲಿರುವ ನೀರು ಬರೀ 6 ಮಿಲಿಗ್ರಾಂ. ಫೋಟೋ ಮಸುಕಾಗಲು ಸಾಕು, ಫೋನ್ ಸಾಯಲು ಸಾಲದು. ಒಂದೇ ಒಂದು ಹನಿ ನೀರು ಸುಮಾರು 50 ಮಿಲಿಗ್ರಾಂ ತೂಗುತ್ತದೆ, ಎಂಟು ಪೌಚಿನ ಗಾಳಿಯಲ್ಲಿರುವಷ್ಟು. ಹಾಗಾದರೆ ಹನಿಗಳು ಹೋಗಿವೆ. ಒಂದಲ್ಲ, ಹತ್ತಾರು.

ನೆನಪಾಯಿತು. ದೋಣಿ ಇಳಿದ ಮೇಲೆ ಅಜ್ಜಿ ತನ್ನ ಫೋಟೋ ನೋಡಬೇಕು ಅಂದಳು. ಆವಿಯಲ್ಲಿ ಕಾಣುತ್ತಿಲ್ಲ ಅಂದಳು. ನೆನೆದು ತೊಪ್ಪೆಯಾಗಿದ್ದ ನಾನು ಕೊಳದ ಪಕ್ಕದಲ್ಲೇ ಪೌಚ್ ತೆರೆದು, ಒದ್ದೆ ಕೈಯಲ್ಲಿ ಫೋನ್ ತೆಗೆದು, ಒದ್ದೆ ಅಂಗಿಯ ಚುಂಗಿನಲ್ಲಿ ಒರೆಸಿ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು, ತನ್ನ ಒದ್ದೆ ಬೆರಳಿನಲ್ಲಿ ಒಂದೊಂದೇ ಸರಿಸಿ ಎಲ್ಲಾ ನೋಡಿದಳು. ಆಮೇಲೆ ಹಾಗೇ ಒಳಗಿಟ್ಟು ಕ್ಲಿಪ್ ಒತ್ತಿದೆ. ತೂತಿಲ್ಲದ ಪೌಚು ಹೊರಗಿನ ನೀರನ್ನು ಒಳಗೆ ಬಿಡಲಿಲ್ಲ, ಒಳಗಿನದನ್ನು ಹೊರಗೂ ಬಿಡಲಿಲ್ಲ. ಮೂರು ಗಂಟೆ ಫೋನು ಬಿಸಿಲಲ್ಲಿ ಆ ಹಬೆಯಲ್ಲೇ ಬೆಂದಿತು.

ಫೋನಿಗೆ ಅದರದ್ದೇ ಆದ ಐಪಿ67 ಇತ್ತಲ್ಲ ಅಂತೀರಾ? ಅದರ ಹಿಂದಿನ ವರ್ಷ ಸ್ಕ್ರೀನ್ ಒಡೆದು ಬೀದಿ ಬದಿಯ ಅಂಗಡಿಯಲ್ಲಿ ಬದಲಾಯಿಸಿದ್ದೆ. ಸ್ಕ್ರೀನಿನ ಸುತ್ತ ಇರುವ ತೆಳ್ಳನೆ ಅಂಟಿನ ಪಟ್ಟಿಯೇ ಫೋನಿನ ಓ-ರಿಂಗ್. ಅದನ್ನು ಕಿತ್ತ ಮೇಲೆ ಅಷ್ಟೇ ನಿಷ್ಠೆಯಿಂದ ಮತ್ತೆ ಅಂಟಿಸದಿದ್ದರೆ 67 ಅನ್ನುವುದು ಬರೀ ಪೆಟ್ಟಿಗೆಯ ಮೇಲಿನ ಅಕ್ಷರ. ಸಿಮ್ ಟ್ರೇ ಜಾಗದಲ್ಲಿರುವ ಬಿಳಿ ಸ್ಟಿಕ್ಕರ್ ಕೆಂಪಾಗಿದ್ದನ್ನು ಸರ್ವಿಸ್ ಸೆಂಟರಿನವನು ಟಾರ್ಚ್ ಬಿಟ್ಟು ತೋರಿಸಿದ. ನೀರು ಮುಟ್ಟಿದರೆ ಬಣ್ಣ ಬದಲಾಗುವ ಸ್ಟಿಕ್ಕರ್ ಅದು. (ಬರೀ ಆ ಸ್ಟಿಕ್ಕರ್ ನೋಡಿ ವಾರಂಟಿ ನಿರಾಕರಿಸಿದ್ದಕ್ಕೆ ಅಮೆರಿಕದಲ್ಲಿ ಕೇಸಾಗಿ, 2013ರಲ್ಲಿ ಆ್ಯಪಲ್ 5.3 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತ್ತು. ನನ್ನ ವಿಷಯದಲ್ಲಿ ಸ್ಟಿಕ್ಕರ್ ಸುಳ್ಳು ಹೇಳಿರಲಿಲ್ಲ.) ಕ್ಲೋರಿನ್ ಹಾಕಿದ ನೀರು, ಅದರ ಮೇಲೆ ಕಾರಿನ ಚಾರ್ಜರಿನ ಕರೆಂಟು. ಬೋರ್ಡಿನ ಮೇಲೆ ಹಸಿರು ತುಕ್ಕು. ಆರಿಸಿ, ಬಿಚ್ಚಿ, ಒಣಗಿಸಿ ಎರಡು ದಿನ ಸುಮ್ಮನಿದ್ದರೆ ಬಹುಶಃ ಉಳಿಯುತ್ತಿತ್ತು. ನಾನು ಬ್ಯಾಟರಿ 9 ಶೇಕಡಾ ಇದೆ ಅಂತ ಚಾರ್ಜಿಗೆ ಹಾಕಿದೆ.

ಈಗ ನಾನು ಪಾರ್ಕಿಗೆ ಹೋದರೆ ಪೌಚ್ ಅನ್ನು ಬೆಳಿಗ್ಗೆ ಒಣಗಿದ ಕೈಯಲ್ಲಿ, ಫ್ಯಾನಿನ ಕೆಳಗೆ, ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗಾಳಿಯೆಲ್ಲ ಒತ್ತಿ ಹೊರಗೆ ಹಾಕಿ ಮನೆಯಲ್ಲೇ ಮುಚ್ಚುತ್ತೇನೆ. ಸಂಜೆ ಮನೆಗೆ ಬಂದು ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುವವರೆಗೆ ತೆರೆಯುವುದಿಲ್ಲ. ಯಾರು ಫೋಟೋ ತೋರಿಸು ಅಂದರೂ. ಸ್ಲೈಡಿಗೆ ಹೋಗುವಾಗ ಫೋನ್ ಲಾಕರಿನಲ್ಲಿ.

ಅಜ್ಜಿಯದ್ದು ಆ ದಿನದ ಒಂದು ಫೋಟೋ ಉಳಿದಿದೆ. ದೋಣಿ ಬೀಳುವ ಜಾಗದಲ್ಲಿ ಪಾರ್ಕಿನವರ ಕ್ಯಾಮರಾ ತೆಗೆದದ್ದು. ಕೌಂಟರಿನಲ್ಲಿ 200 ರೂಪಾಯಿ ಅಂದಾಗ "ಫೋನಿನಲ್ಲಿ ಇಷ್ಟೊಂದಿದೆಯಲ್ಲ, ಇದ್ಯಾಕೆ" ಅಂದಿದ್ದೆ ನಾನು. ಅಮ್ಮ ಕೇಳದೆ ತಗೊಂಡಿದ್ದಳು. ಅದರಲ್ಲಿ ಅಜ್ಜಿ ಕಣ್ಣು ಮುಚ್ಚಿಕೊಂಡು, ಬಾಯಿ ಪೂರ್ತಿ ತೆರೆದು, ಎರಡೂ ಕೈಯಲ್ಲಿ ನನ್ನ ತೋಳು ಹಿಡಿದುಕೊಂಡಿದ್ದಾಳೆ. ನನ್ನ ಎದೆಯ ಮೇಲೆ ಪೌಚ್ ಇದೆ, ಆಗಲೇ ಬೆಳ್ಳಗಾಗಿದೆ. ಫೋಟೋವನ್ನು ಸ್ಕ್ಯಾನ್ ಮಾಡಿ ಮೂರು ಕಡೆ ಇಟ್ಟಿದ್ದೇನೆ. ಕಾಗದದ್ದು ಚಿಕ್ಕಪ್ಪನ ಮನೆಯಲ್ಲಿದೆ, ಆ ಬಲ್ಬಿನ ಕಪಾಟಿನಲ್ಲಿ.